ಶೀಬಾ ಮೇಡಂ ಮತ್ತು ಎಲೆಯ ಮೇಲಿನ ಹುಳ

ಕೈಲಾಂಚದ ನಮ್ಮ ಶಿಶುವಿಹಾರಕ್ಕೆ ಶೀಬಾ ಬಂದಿದ್ದು ಹೋದ ಜೂನಿನಲ್ಲಿ. ರಾಮನಗರದಿಂದ ಬಸ್ಸಿನಲ್ಲಿ ಬಂದು, ಹೆಗಲಿಗೆ ಭಾರದ ಚೀಲ ಹಾಕಿಕೊಂಡು ಇಳಿಯುತ್ತಿದ್ದಳು. ಅವಳ ತಂದೆ ಮತೀನ್ ಸಾಹೇಬರು ಅಲ್ಲಿ ಗೂಡಿನಿಂದ ರೇಷ್ಮೆ ನೂಲು ತೆಗೆಸುವವರು. ಮಗಳು ಬೆಂಗಳೂರಿನ ಕಾಲೇಜಿನಲ್ಲಿ ಫ್ರೆಂಚ್ ಕಲಿತಿದ್ದಳು. ಬೋರ್ಡಿನ ಮೇಲೆ ಫ್ರೆಂಚ್ ಅಂತ ಬರೆಸಿದರೆ ಮಕ್ಕಳು ಹೆಚ್ಚು ಸೇರುತ್ತಾರೆಂದು ಶಾಲೆ ನಡೆಸುವ ಮಹೇಂದ್ರ ಅವಳನ್ನು ಕರೆಸಿದ್ದ. ಆರು ತಿಂಗಳು ನೋಡುತ್ತೇನೆ, ಮಕ್ಕಳ ಬಾಯಲ್ಲಿ ಮಾತು ಬರದಿದ್ದರೆ ನಿಲ್ಲಿಸುತ್ತೇನೆ ಎಂದು ಮೊದಲೇ ಹೇಳಿದ್ದನಂತೆ.

ನಾನು ಓದಿದ್ದು ಮೂರನೇ ಕ್ಲಾಸು. ಮೊಮ್ಮಗಳು ಅಳುತ್ತಾಳೆಂದು ತರಗತಿಯ ಬಾಗಿಲಲ್ಲಿ ಕೂರುತ್ತಿದ್ದೆ. ಅವಳ ಅಳು ವಾರಕ್ಕೇ ನಿಂತಿತು, ನಾನು ಮಾತ್ರ ಏಳಲಿಲ್ಲ. ಶೀಬಾಳ ಆ ಚೀಲದ ತುಂಬ ಬರೀ ಚಿತ್ರದ ಪುಸ್ತಕ! ಅಕ್ಷರವಿದ್ದ ಕಡೆಯೆಲ್ಲ ಕಾಗದ ಅಂಟಿಸಿದ್ದಳು. ಚಿತ್ರದ ಮೇಲೆ ಬೆರಳಿಟ್ಟು "ಕೆಸ್‌ಕಸೆ?" ಅನ್ನುವಳು. ಕೆಸುವಿನ ಸೊಪ್ಪಿನ ಮಾತೇನೋ ಎಂದುಕೊಂಡೆ. ಏನಿದು ಅಂತ ಕೇಳುವುದಂತೆ. ಮಕ್ಕಳು ನಾಯಿ ಅಂದರೆ ತಲೆಯಾಡಿಸಿ ಫ್ರೆಂಚಿನ ಹೆಸರು ಹೇಳುವಳು. ಇನ್ನೊಂದು ಪುಸ್ತಕದಲ್ಲಿ ಹಾಸಿಗೆ ಹಿಡಿದ ಹುಡುಗ, ಹಣೆ ಮುಟ್ಟಿ ನೋಡುವ ತಾಯಿ. ಜ್ವರಕ್ಕೆ ಫಿಯೆವ್ರ್ ಅನ್ನುತ್ತಾರೆಂದು ನಾನೂ ಕಲಿತೆ.

ವಾರವಿಡೀ ಅದೇ ಪುಸ್ತಕ ತೋರಿಸುತ್ತೀಯಲ್ಲ, ಮಕ್ಕಳಿಗೆ ಬೇಜಾರಾಗದೇ ಎಂದು ಒಂದು ದಿನ ಕೇಳಿದೆ.

"ಮುಂದಿನ ಪುಟ ಏನೂಂತ ಅವಕ್ಕೆ ಗೊತ್ತಿರ್ಬೇಕು ಅಜ್ಜಿ. ಆಗ ನನಗಿಂತ ಮೊದ್ಲು ಅವೇ ಹೇಳ್ತವೆ" ಎಂದಳು. ಹಾಳೆ ತಿರುವುವಾಗ ಮುಂದಿನ ಪುಟದ ನಾಯಿಯ ಬಾಲದ ತುದಿ ಮಾತ್ರ ಕಾಣುವ ಹಾಗೆ ಹಿಡಿದುಕೊಂಡು ಕಾಯುವಳು.

ಡಿಸೆಂಬರಿನಲ್ಲಿ ಮಹೇಂದ್ರ ಬೆಂಗಳೂರಿನಿಂದ ಲತಾಮಣಿ ಎನ್ನುವ ಫ್ರೆಂಚ್ ಟೀಚರನ್ನು ಕರೆತಂದ. ಅವರು ಹೇಳಿದ ಹಾಗೆ ಶೀಬಾಳ ಕ್ಲಾಸು ಉಳಿಯುವುದು, ಇಲ್ಲವೇ ನಿಲ್ಲುವುದು. ಗಿಣಿಪಾಠವೋ ನಿಜವಾದ ಕಲಿಕೆಯೋ ನೋಡಬೇಕೆಂದು ಅವರು ತಮ್ಮದೇ ಪುಸ್ತಕ ತಂದಿದ್ದರು. ಮಕ್ಕಳು ಅದನ್ನು ಕಂಡವರೇ ಅಲ್ಲ. ಬೆಕ್ಕು, ಕೊಡೆ ಸರಿಯಾಗಿ ಹೇಳಿದವು. ಆಮೇಲಿನ ಪುಟದಲ್ಲಿ ಎಲೆಯ ಮೇಲೊಂದು ಹುಳ, ತಲೆ ಎತ್ತಿ ಕಣ್ಣು ಮುಚ್ಚಿತ್ತು. ಇದೇನು ಮಾಡುತ್ತಿದೆ ಎಂದು ಫ್ರೆಂಚಿನಲ್ಲೇ ಕೇಳಿದರು.

ನಮ್ಮ ಮೊಮ್ಮಗಳೇ ಮೊದಲು ಬಾಯಿಬಿಟ್ಟಳು. "ಫಿಯೆವ್ರ್!" ಹಿಂದೆಯೇ ಇಡೀ ಕ್ಲಾಸು ಫಿಯೆವ್ರ್ ಅಂದಿತು.

ಲತಾಮಣಿ ಪುಸ್ತಕ ಮುಚ್ಚಿದರು. ಹುಳ ಮಲಗಿದೆ ಅನ್ನಬೇಕಿತ್ತು, ಯಾವುದೋ ಪುಟದ್ದು ಬಾಯಿಪಾಠ ಮಾಡಿ ಇಲ್ಲಿ ಒಪ್ಪಿಸುತ್ತಿವೆ ಎಂದರು. ಮಹೇಂದ್ರ ಶೀಬಾಳ ಕಡೆ ನೋಡಿದ. ಮಕ್ಕಳು ಯಾಕೆ ಹಾಗಂದವೆಂದು ಅವಳಿಗೂ ಹೊಳೆಯಲಿಲ್ಲ. ನೂಲು ತೆಗೆಯುವವರ ಮನೆಗೆ ಬರುವುದು ಗೂಡು. ಹುಳ ಸಾಕುವುದು ನಾವಲ್ಲವೇ?

ನನಗೆ ಸುಮ್ಮನಿರಲಾಗಲಿಲ್ಲ. "ತಪ್ಪೇಳ್ಲಿಲ್ಲ ಕಣವ್ವ ಅವು. ಹುಳ ಜ್ವರಕ್ಕೆ ಕೂತೈತೆ, ನೋಡಿ."

ಹುಳಕ್ಕೆಂಥ ಜ್ವರ ಎಂದರು. ಹೇಳಿದೆ: ಗೂಡು ಕಟ್ಟುವ ಮುಂಚೆ ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಹಳೇ ಚರ್ಮ ಕಳಚಿ ಏಳುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಲೇ ಹೆಸರು. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತೇವೆ. ಈ ಮಕ್ಕಳ ಮನೆಯಲ್ಲೆಲ್ಲ ಹುಳ ಉಂಟು.

ಲತಾಮಣಿ ಮತ್ತೆ ಪುಸ್ತಕ ತೆರೆದರು. ಜ್ವರ ಬಿಟ್ಟ ಮೇಲೆ ಏನು ಮಾಡುತ್ತದೆ ಎಂದು ಮಕ್ಕಳನ್ನು ಕೇಳಿರಬೇಕು. "ಇಲ್ ಮಾಂಜ್!" ಅಂದವು, ಬಾಯಿ ಆಡಿಸಿ ತೋರಿಸಿದವು. ತಿನ್ನುತ್ತದೆ ಎಂದು. ಅದಂತೂ ಅವರ ಪುಸ್ತಕದಲ್ಲಿ ಇರಲಿಲ್ಲ.

"ಬಾಯಿಪಾಠ ಮಾಡಿದ ಮಕ್ಕಳಿಗೆ ಇದನ್ನ ಹೇಳಕ್ಕಾಗಲ್ಲ ಸಾರ್. ಕ್ಲಾಸು ನಡೀಲಿ" ಎಂದರು ಮಹೇಂದ್ರನಿಗೆ.

ಆ ಸಂಜೆ ಶೀಬಾ ಬಸ್ ಸ್ಟಾಪಿಗೆ ಹೋಗದೆ ನನ್ನ ಹಿಂದೆಯೇ ಬಂದಳು. ಕೈಕಾಲು ತೊಳೆಸಿ ಹುಳುಮನೆಯೊಳಕ್ಕೆ ಬಿಟ್ಟೆ. ನಮ್ಮವೂ ಮೂರನೇ ಜ್ವರದಲ್ಲಿದ್ದವು. ತಟ್ಟೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಎಷ್ಟು ಹೊತ್ತಿಗೆ ಏಳುತ್ತವೆ ಎಂದು ಕೇಳಿದಳು.

"ನಾಳೆ ಮಧ್ಯಾಹ್ನಕ್ಕೆ ಒಂದೊಂದೇ ಎದ್ದು ಸೊಪ್ಪು ಹುಡುಕ್ತವೆ."

"ಹಂಗಾದ್ರೆ ನಾಳೆ ಪುಸ್ತಕ ತರಲ್ಲ ಅಜ್ಜಿ, ಮಕ್ಕಳನ್ನೇ ಕರ್ಕೊಂಡ್ ಬತ್ತೀನಿ."