ಗಂಟೆ ಬಾರಿಸುವ ತನಕ ತಿಂಡಿಯಿಲ್ಲ

ದಿನಾ ಬೆಳಿಗ್ಗೆ ಮಗಳು ಆಫೀಸಿಗೆ ಡ್ರೈವ್ ಮಾಡುವ ದಾರಿಯಲ್ಲಿ ನನ್ನನ್ನು ವುಡ್‌ಬ್ರಿಡ್ಜ್‌ನ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಇಳಿಸುತ್ತಾಳೆ. ಒಳಗೆ ನನ್ನ ಅಣ್ಣ ಇದ್ದಾನೆ. ತೊಂಬತ್ತು ದಾಟಿದೆ. ಮರೆವಿನ ರೋಗ ಮೊದಲು ಅವನ ಪ್ರಿನ್ಸ್‌ಟನ್ ಲ್ಯಾಬನ್ನು ಕಿತ್ತುಕೊಂಡಿತು, ಆಮೇಲೆ ತೀರಿಹೋದ ಹೆಂಡತಿಯನ್ನು, ಕೊನೆಗೆ ಈ ದೇಶವನ್ನೇ. ಬಿಟ್ಟುಹೋಗಿದ್ದು ಅಪ್ಪನ ಮೇಜನ್ನು ಮಾತ್ರ.

ಫೆಬ್ರವರಿಯಲ್ಲಿ ಅವನು ಊಟ ಬಿಟ್ಟ. ಅವನನ್ನು ನೋಡಿಕೊಳ್ಳುವ ಹುಬ್ಬಳ್ಳಿಯ ಹೆಂಗಸು ಕಾರಿಡಾರಿನಲ್ಲೇ ನನ್ನನ್ನು ತಡೆದಳು.

"ಮೂರ್ ದಿನಾ ಆತ್ರಿ ಆಂಟಿ, ಅಂಕಲ್ ಬಾಯೇ ತಗೀವಲ್ರು. ಡಾಕ್ಟರ್ ಹೊಟ್ಟಿಗೆ ಟ್ಯೂಬ್ ಹಾಕೋ ಮಾತಾಡಾಕತ್ತಾರ. ಕೇಳಿದ್ರ ಪರೀಕ್ಷಾ ಮುಗದಿಲ್ಲ ಅಂತಾರ. ನೀವು ರಿಟೈರ್ ಆಗೇ ಎಷ್ಟ್ ವರ್ಷ ಆತು ಅಂಕಲ್ ಅಂದ್ರ, ಗೆಟ್ ಔಟ್ ಅಂದ್ರು ನನಗ!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ. ನನಗೆ ಅರ್ಥವಾಗಿತ್ತು.

ಅಪ್ಪ ಬೆಂಗಳೂರು ಕಂಟೋನ್ಮೆಂಟಿನಲ್ಲಿ ಬ್ರಿಟಿಷರ ಆಫೀಸಿನ ಗುಮಾಸ್ತ. ಕಲೆಕ್ಟರುಗಳನ್ನು ಆರಿಸುತ್ತಿದ್ದ ಐ.ಸಿ.ಎಸ್. ಪರೀಕ್ಷೆಗೆ ಎರಡು ಸಲ ಕೂತು, ಎರಡು ಸಲವೂ ಬಿದ್ದವರು. ಆಮೇಲೆ ತಮ್ಮ ಮೇಜಿನಲ್ಲಿ ಆ ಹಳೇ ಪ್ರಶ್ನೆಪತ್ರಿಕೆಗಳ ಮುಂದೆ ಅಣ್ಣನನ್ನು ಕೂರಿಸಿದರು, ಅವನಿಗಿನ್ನೂ ಆರು ವರ್ಷ. ದಿನಾ ಬೆಳಿಗ್ಗೆ ಒಂದು ಪೇಪರ್. ಬರೆದು ಕೊಡುವ ತನಕ ಬಾಯಿಗೆ ಏನೂ ಇಲ್ಲ. ನಾನು ಸ್ವಲ್ಪ ದೊಡ್ಡವಳಾದ ಮೇಲೆ ಕಾನ್ವೆಂಟ್ ಯೂನಿಫಾರ್ಮಿನಲ್ಲಿ ಗಡಿಯಾರದ ಪಕ್ಕ ನಿಂತು, ಹಿತ್ತಾಳೆ ಗಂಟೆ ಬಾರಿಸಿ "ಪೆನ್ಸ್ ಡೌನ್!" ಎಂದು ಕೂಗಬೇಕಿತ್ತು. ಆಗ ಅಮ್ಮ ತಟ್ಟೆ ತರುತ್ತಿದ್ದಳು. ನಾನು ಗಂಟೆ ಹಿಡಿಯುವಷ್ಟರಲ್ಲಿ ಬ್ರಿಟಿಷರು ಹೋಗಿಯಾಗಿತ್ತು, ಆ ಪರೀಕ್ಷೆಯೂ ಇರಲಿಲ್ಲ. "ಅವರು ಹೋದ್ರೆ ಹೋದ್ರು, ಸ್ಟ್ಯಾಂಡರ್ಡ್ ಹೋಗಬಾರದು," ಎನ್ನುತ್ತಿದ್ದರು ಅಪ್ಪ. ಸಂಜೆ ಕೆಂಪು ಪೆನ್ಸಿಲಿನಲ್ಲಿ ಒಂದೇ ಪದ: ಫೇಲ್. ಒಂದು ದಿನವೂ ಬೇರೆ ಪದ ಬರೆದದ್ದನ್ನು ನಾನು ಕಾಣೆ. ಎಷ್ಟೋ ಪ್ರಶ್ನೆಗಳಿಗೆ ನನಗೆ ಉತ್ತರ ಗೊತ್ತಿರುತ್ತಿತ್ತು. ಟು ಬಿ ಫೇರ್, ನನ್ನನ್ನು ಯಾರೂ ಕೇಳಲಿಲ್ಲ.

ಫೆಬ್ರವರಿಯ ಆ ದಿನ ಲಂಚ್ ಮೆನುವಿನ ಹಿಂದುಗಡೆ ಭಾರತದ ನೀರಾವರಿಯ ಬಗ್ಗೆ ಒಂದು ಪ್ರಶ್ನೆ ಬರೆದು ಅವನ ಮುಂದಿಟ್ಟೆ.

"ಏ ಕೋತಿ, ಲೇಟು! ಗಂಟೆ ಎಲ್ಲೇ? ಅಪ್ಪ ಬಂದ್ರೆ ಚರ್ಮ ಸುಲೀತಾರೆ."

ಅರ್ಧ ಗಂಟೆ ಗೀಚಿದ. ಅಕ್ಷರವೇನೂ ಇರಲಿಲ್ಲ, ಬರೀ ಗೆರೆ. ನಾನು ಸ್ಟೀಲ್ ಲೋಟಕ್ಕೆ ಚಮಚ ಬಡಿದು ಕೂಗಿದೆ. ಕಾಗದ ಕೊಟ್ಟು, ಬಾಯಿ ತೆರೆದ. ಓಟ್‌ಮೀಲ್ ಪೂರ್ತಿ ತಿಂದ.

ಹೀಗೆ ಎರಡು ತಿಂಗಳು. ದಿನಾ "ರಿಸಲ್ಟ್?" ಎನ್ನುತ್ತಿದ್ದ, ನಾನು "ನಾಳೆ" ಎನ್ನುತ್ತಿದ್ದೆ. ಏಪ್ರಿಲ್‌ನಲ್ಲಿ ಒಂದು ದಿನ, ಪಾರ್ಕಿಂಗ್ ಲಾಟಿನ ಮರಗಳೆಲ್ಲ ಬೆಳ್ಳಗೆ ಅರಳಿದ್ದವು, ನನ್ನ ಮನಸ್ಸು ಕರಗಿತು. ಒಂದು ಜನ್ಮಕ್ಕೆ ಒಂದು ಸಲವಾದರೂ ಬೇಡವೇ?

"ಪಾಸ್ ಕಣೋ," ಎಂದೆ.

ಅವನು ನನ್ನ ಕೈ ಹಿಡಿದುಕೊಂಡು ಅತ್ತ. ನಾನೂ ಅತ್ತೆ. ಫೂಲಿಶ್ ಓಲ್ಡ್ ವುಮನ್.

ಮರುದಿನ ಪೇಪರನ್ನು ಪಕ್ಕಕ್ಕೆ ತಳ್ಳಿದ. "ಪಾಸಾದವನಿಗೆ ಇದ್ಯಾಕೆ?" ನಿನ್ನೆಯೆಂಬುದೇ ಇಲ್ಲದವನಿಗೆ ಅದೊಂದು ಮಾತ್ರ ನೆನಪಿತ್ತು. ಪೇಪರ್ ಇಲ್ಲವಾದ್ದರಿಂದ ಗಂಟೆಯಿಲ್ಲ, ಗಂಟೆಯಿಲ್ಲವಾದ್ದರಿಂದ ತಿಂಡಿಯಿಲ್ಲ. ಚಮಚ ಹತ್ತಿರ ತಂದರೆ ಹಲ್ಲು ಕಚ್ಚುತ್ತಿದ್ದ. ಲೋಟ ಬಡಿದರೂ ಅಷ್ಟೆ. ಎರಡು ದಿನ ಹಾಗೇ ಕಳೆಯಿತು. ತುಟಿ ಒಡೆಯಿತು. ಟ್ಯೂಬಿನ ಫಾರ್ಮನ್ನು ಸಹಿಗೆಂದು ನನ್ನ ಕೈಗೆ ಕೊಟ್ಟರು.

ಮೂರನೆಯ ಬೆಳಿಗ್ಗೆ ಫಾರ್ಮನ್ನು ಬ್ಯಾಗಿನಲ್ಲಿಟ್ಟು ಅವನ ಎದುರು ಕೂತೆ.

"ತಪ್ಪಾಗಿದೆ ಕಣೋ. ಲಿಸ್ಟಿನಲ್ಲಿ ನಿನ್ನ ನಂಬರ್ ಇಲ್ಲ. ಫೇಲ್."

ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಎರಡು ದಿನ ಅರಳಿದ್ದ ಮುಖ ತನ್ನ ಹಳೆಯ ಆಕಾರಕ್ಕೆ ಸುಮ್ಮನೆ ಮರಳಿತು.

"ಅಪ್ಪಂಗೆ ಗೊತ್ತಾಯ್ತಾ?"

"ಗೊತ್ತಾಯ್ತು."

"ಸರಿ, ಕೊಡು ಪೇಪರು."

ಕೊಟ್ಟೆ. ಗೀಚಿದ. ಲೋಟ ಬಡಿದೆ. ತಿಂದ.

ಈಗ ನಾಳೆ ಎಂದರೆ ಒಪ್ಪುವುದಿಲ್ಲ, ಅವತ್ತಿನ ರಿಸಲ್ಟ್ ಅವತ್ತೇ ಬೇಕು. ಮಗಳ ಕೈಯಲ್ಲಿ ಕೆಂಪು ಪೆನ್ಸಿಲ್ ತರಿಸಿದ್ದೇನೆ, ಒಂದು ಡಜನ್.