ರಸಬಾಳೆಗೆ ವಾಸನೆ ಇಲ್ಲವೆಂದ ನಮ್ಮತ್ತೆ

ಅತ್ತೆ ರಸಬಾಳೆ ಹಣ್ಣನ್ನು ಮೂಗಿನ ಹತ್ತಿರ ಹಿಡಿದು, "ಇದ್ಯಾವ್ ಅಣ್ಣು ಕಣವ್ವಾ? ವಾಸ್ನೇನೇ ಇಲ್ವಲ್ಲ" ಎಂದರು. ದೇವನೂರಿನ ನಮ್ಮ ತೋಟದ್ದೇ ಹಣ್ಣು. ನನ್ನ ಗಂಡ ನಕ್ಕುಬಿಟ್ಟರು. "ಅವ್ವಂಗೆ ಮರ್ವು ಜಾಸ್ತಿ ಆಯ್ತು ಕಣೆ."

ನನಗೆ ನಗು ಬರಲಿಲ್ಲ. ಜೀವಮಾನವೆಲ್ಲ ಬಾಳೆ ಬೆಳೆದವರು ಅತ್ತೆ. ಒಳಗೆ ಗೊನೆ ಹಣ್ಣಾಗಿದ್ದರೆ ಜಗಲಿಯಲ್ಲಿ ಕುಳಿತೇ ಹೇಳುತ್ತಿದ್ದರು.

ಮರೆವಿಗೆಂದು ಮೈಸೂರಿನ ನ್ಯೂರಾಲಜಿಸ್ಟ್ ಡೊನೆಪೆಜಿಲ್ ಮಾತ್ರೆ ಬರೆದಿದ್ದರು. ಅದರಿಂದ ಅತ್ತೆ ಮತ್ತೆ ನನ್ನ ಹೆಸರು ಹಿಡಿದು ಕರೆಯುತ್ತಿದ್ದರು. ಆ ಡಾಕ್ಟರ ಬಳಿಯೇ ಹೋಗಿ, ಅತ್ತೆ ಮೂಗು ಕಟ್ಟಿದೆ ಅಂತಾರೆ, ಬಾಯಲ್ಲೇ ಉಸಿರಾಡ್ತಾರೆ ಎಂದೆ. ಅವರು ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ.

"ಈ ಕಾಯಿಲೇಲಿ ವಾಸನೆ ಹೋಗೋದು ಕಾಮನ್ನಮ್ಮ. ಅವರು ಹೇಳಿದ್ದೆಲ್ಲ ನಂಬಬೇಡಿ."

ನಂಬಬೇಡಿ!

ಮೈ ಉರಿದುಹೋಯಿತು. ಮರೆವು ಬಂದವರಿಗೆ ಮೂಗು ಇರುವುದಿಲ್ಲವೇ? ಒಂದು ಟಾರ್ಚ್ ಬಿಟ್ಟು ನೋಡಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಮೂಗಲ್ಲಿ ರಕ್ತ ಬಂದ ದಿನ ನಂಜನಗೂಡಿನ ಇಎನ್‌ಟಿ ಡಾಕ್ಟರ ಹತ್ತಿರ ಓಡಿದೆವು. ಎಂಡೋಸ್ಕೋಪಿ ಮಾಡಿದರು. ಎರಡೂ ಹೊಳ್ಳೆಯಲ್ಲಿ ದ್ರಾಕ್ಷಿಯ ಹಾಗೆ ಮೆತ್ತನೆಯ ಗಂಟುಗಳು, ಪಾಲಿಪ್ ಅಂತೆ. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಲ್ಲವೆಂದು ಬಂತು. ಸದ್ಯ, ಬದುಕಿದೆ ಎಂದುಕೊಂಡೆ. ಆಮೇಲೆ ಅವರು ಮಾತ್ರೆಯ ಚೀಟಿ ನೋಡಿದರು.

"ಈ ಥರ ಮಾತ್ರೆಗೂ ಇಂಥ ಬೆಳವಣಿಗೆಗೂ ಸಂಬಂಧ ಇರಬಹುದಾ ಅಂತ ಸಂಶೋಧನೆ ನಡೀತಿದೆ. ಇದೇ ಕಾರಣ ಅಂತ ಹೇಳೋಕಾಗಲ್ಲ."

ಹಾಗಾದರೆ ನಿಲ್ಲಿಸಬೇಕೆ? ನ್ಯೂರಾಲಜಿಸ್ಟ್‌ನ ಕೇಳಿ ಎಂದರು. ನ್ಯೂರಾಲಜಿಸ್ಟ್, ಇಎನ್‌ಟಿಯವರನ್ನು ಕೇಳಿ ಎಂದರು. ಮೂಗು ಒಬ್ಬರ ಪಾಲು, ಮಿದುಳು ಇನ್ನೊಬ್ಬರ ಪಾಲು. ಇಡೀ ಅತ್ತೆ ಯಾರ ಪಾಲು, ನನ್ನದು ತಾನೇ?

ಆಪರೇಷನ್ನಿಗೆಂದು ಸ್ವಲ್ಪ ದಿನ ಮಾತ್ರೆ ನಿಲ್ಲಿಸಿದರು. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದೆ.

"ನೀನ್ಯಾರವ್ವ?"

ಲೋಟ ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ.

ಆಪರೇಷನ್ ಆದ ಮೇಲೆ ನ್ಯೂರಾಲಜಿಸ್ಟ್ ಎದುರು ಕುಳಿತು, ಇಎನ್‌ಟಿಯವರಿಗೆ ಫೋನ್ ಹಚ್ಚಿ ಅವರ ಕೈಗೇ ಕೊಟ್ಟೆ. "ಇಬ್ರೂ ಮಾತಾಡ್ಕಳಿ ಸಾ. ಅಲ್ಲೀಗಂಟ ನಾನು ಕುರ್ಚಿ ಬುಟ್ಟು ಏಳಲ್ಲ." ಮಾತಾಡಿದರು. ಮಾತ್ರೆ ಮುಂದುವರಿಸುವುದು, ಆಗಾಗ ಮೂಗು ನೋಡಿಸುವುದು ಎಂದಾಯಿತು. ಪಾಲಿಪ್ ಮತ್ತೆ ಬರಬಹುದು. ಬಂದರೆ ತೆಗೆಸುತ್ತೇವೆ. ಆ ಮಾತ್ರೆಗೆ ನನ್ನ ನಮಸ್ಕಾರ ಇದೆ, ಸಿಟ್ಟೂ ಇದೆ.

ಮೊನ್ನೆ ನನ್ನ ಗಂಡ ಹಣ್ಣು ಸುಲಿದು ಕೊಟ್ಟರು. ಅತ್ತೆ ತುಂಬಾ ಹೊತ್ತು ಮೂಸಿದರು. ಆಸ್ಪತ್ರೆ, ಆಪರೇಷನ್ ಯಾವುದೂ ಅವರಿಗೆ ನೆನಪಿಲ್ಲ.

"ಈಗ ಬತ್ತಾದೆ," ಎಂದರು. ಆಮೇಲೆ ಮಗನ ಮುಖ ನೋಡಿದರು. "ಅವತ್ತು ವಾಸ್ನೆ ಇಲ್ಲ ಅಂದ್ರೆ ನಗಾಡ್ದಲ್ಲೋ ನೀನು."