ಬುಕಾನಿ, ಹೆಲ್ಮೆಟ್ಟು ಮತ್ತು ಹಜೀರಾದ ಗೇಟು

ಸೂರತ್ತಿಗೆ ಬಂದ ಮೊದಲ ವಾರ ನಾನು ರಸ್ತೆಯಲ್ಲಿ ಒಬ್ಬ ಹೆಣ್ಣುಮಗಳ ಮುಖವನ್ನೂ ನೋಡಲಿಲ್ಲ. ಸ್ಕೂಟರ್ ಮೇಲೆ ಹೋಗುವವರೆಲ್ಲ ತಲೆ, ಕಿವಿ, ಮೂಗು, ಬಾಯಿ, ಕತ್ತನ್ನು ದುಪಟ್ಟಾದಲ್ಲಿ ಬಿಗಿಯಾಗಿ ಸುತ್ತಿ, ಹಿಂದೆ ಗಂಟು ಹಾಕಿ, ಬರೀ ಕಣ್ಣು ಬಿಟ್ಟುಕೊಂಡಿದ್ದರು. ಸಿಗ್ನಲ್ಲಿನಲ್ಲಿ ಆ ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದಾಗ ಇಡೀ ಊರಿನಲ್ಲಿ ಬಯಲಾಗಿ ನಿಂತವಳು ನಾನೊಬ್ಬಳೇ ಅನ್ನಿಸಿತು.

"ಅದು ಬುಕಾನಿ," ಎಂದಳು ರೂಮಿನ ಜೊತೆಗಾತಿ ಹೇತಲ್. "ಬಿಸಿಲು, ಧೂಳು, ಹೊಗೆ, ಮತ್ತೆ ನೆಂಟರ ಕಣ್ಣು. ಎಲ್ಲಕ್ಕೂ ಒಂದೇ ಔಷಧಿ."

ನಾನು ಗುಳೇದಗುಡ್ಡದವಳು. ಅಪ್ಪ ಕುಪ್ಪಸದ ಖಣ ನೇಯುತ್ತಾರೆ, ಅವ್ವ ಕಂಡಿಕೆಗೆ ನೂಲು ಸುತ್ತುತ್ತಾಳೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾಕೆಂದರೆ ಅದು ಸುಮ್ಮನೆ ಬಂದದ್ದಲ್ಲ. ಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ, ಸೂರತ್ತಿನ ಹೊರಗಿನ ಹಜೀರಾದ ಒಂದು ಕಾರ್ಖಾನೆಯ ಪ್ರಯೋಗಾಲಯಕ್ಕೆ ಗುತ್ತಿಗೆಯ ಮೇಲೆ ಬಂದೆ. ಹೊರಡುವಾಗ ಓಣಿಯವರು, "ಒಂದ್ ವರ್ಷ ನೋಡೂಣು, ಬರ್ತಾಳ ತಿರುಗಿ. ಆಮ್ಯಾಲ ಲಗ್ನ ಮಾಡೀರಂತ," ಎಂದದ್ದು ನನ್ನ ಕಿವಿಗೂ ಬಿದ್ದಿತ್ತು. ಕೆಲಸ ಹೋದರೆ ಆ ಮಾತಿನೊಳಗೇ ಹೋಗಿ ಕೂರಬೇಕು.

ಸೂರತ್ತಿನ ಅಡಾಜಣದಲ್ಲಿ ರೂಮು ಸಿಕ್ಕಿತು. ಮನೆಯ ಮಾಲಕಿ ನನ್ನ ಹೆಸರು ಕೇಳುವ ಮೊದಲು ಏನು ತಿನ್ನುತ್ತೀಯ ಎಂದು ಕೇಳಿದರು. ಇಲ್ಲಿಯ ಬೇಳೆ ಸಾರಿಗೆ ಬೆಲ್ಲ ಬೀಳುತ್ತದೆ. ಮೊದಲ ತಿಂಗಳು ಊಟವೆಂದರೆ ಅಳು ಬರುತ್ತಿತ್ತು. ಗಲ್ಲಿಗಳಲ್ಲಿ ಇಲ್ಲಿಯೂ ಮಗ್ಗವೇ, ಆದರೆ ನಮ್ಮ ಮನೆಯ ಮಗ್ಗ ಮಾತಾಡಿದರೆ ಇಲ್ಲಿಯ ಪವರ್‌ಲೂಮು ಕಿರುಚುತ್ತದೆ. ಜೋಳದ ಹಿಟ್ಟು ಬೀಸುವ ಗಿರಣಿ ಹುಡುಕಿದ ದಿನ ಹಬ್ಬ ಮಾಡಿದೆ. ನಾನು ಬಡಿದ ರೊಟ್ಟಿ ಮುರಿದು ಬಾಯಿಗಿಟ್ಟ ಹೇತಲ್, "ಅರೇ, ಇದು ನಮ್ಮಜ್ಜಿ ಮಾಡುವ ರೋಟಲೋ!" ಎಂದಳು. ಮಹಾದೇವಿ ಎಂಬ ನನ್ನ ಹೆಸರು ಇಲ್ಲಿಯವರ ಬಾಯಿಗೆ ಉದ್ದವಾಗಿ ದೇವಿಬೆನ್ ಆಯಿತು. ಬೆನ್ ಎಂದರೆ ಅಕ್ಕ ತಂಗಿ. ಗುರುತಿಲ್ಲದ ಆಟೋದವನೂ ಅಕ್ಕ ಎನ್ನುವ ಊರಿನಲ್ಲಿ ಒಬ್ಬಳೇ ಇರುವ ಸಂಕಟ ಬೇರೆಯೇ ತರಹದ್ದು.

ಕಂಪನಿಯ ಬಸ್ಸು ಕಾಯಂ ನೌಕರರಿಗೆ ಮಾತ್ರ. ಬೆಳಗಿನ ಪಾಳಿಗೆ ಆಟೋ ಸಿಗುವುದಿಲ್ಲ. ಹಳೆಯ ಸ್ಕೂಟರ್ ಕೊಂಡೆ. ತೊಂದರೆ ಬಂದದ್ದು ಹೆಲ್ಮೆಟ್ಟಿನಿಂದ; ಗದ್ದ ಮುಚ್ಚದ ಅರ್ಧ ಹೆಲ್ಮೆಟ್ಟಿಗೆ ಕಾರ್ಖಾನೆಯಲ್ಲಿ ಪ್ರವೇಶವಿಲ್ಲ. ನನ್ನದು ದಪ್ಪ ಗಾಜಿನ ಕನ್ನಡಕ; ಅದಿಲ್ಲದೆ ಎದುರಿನ ಲಾರಿಯೂ ಮಂಜು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನೊಳಗೆ ಅದನ್ನು ತೂರಿಸುವುದೇ ಒಂದು ಕಸರತ್ತು. ಮೇಲಾಗಿ ಕಾರ್ಖಾನೆಯ ಗೇಟಿನಲ್ಲಿ ಪಾಸಿನ ಫೋಟೋಕ್ಕೂ ಮುಖಕ್ಕೂ ತಾಳೆ ನೋಡದೆ ಯಾರನ್ನೂ ಬಿಡುವುದಿಲ್ಲ. ಕಾವಲುಗಾರ ಯಾದವ್ ಚಾಚಾ ಎದುರು ಹೆಲ್ಮೆಟ್ಟು ತೆಗೆದು, ಕನ್ನಡಕ ಸರಿ ಮಾಡಿಕೊಳ್ಳುವಷ್ಟರಲ್ಲಿ ಹಿಂದಿನ ಬೈಕುಗಳೆಲ್ಲ ಹಾರ್ನ್ ಬಾರಿಸುತ್ತಿದ್ದವು.

ಅಂಗಡಿಯವನು ಫ್ಲಿಪ್ ಹೆಲ್ಮೆಟ್ಟು ತೋರಿಸಿದ. ಗದ್ದದ ಭಾಗ ಗಾಜಿನ ಸಮೇತ ಹಣೆಯ ಮೇಲಕ್ಕೆ ಏಳುತ್ತದೆ. ಕೆಳಗೆಳೆದರೆ ಎಡಕ್ಕೂ ಬಲಕ್ಕೂ ಇರುವ ಎರಡು ಚಿಲಕ ಟಕ್ ಟಕ್ ಎಂದು ಕೂರುತ್ತವೆ. ನನಗಾಗಿಯೇ ಮಾಡಿದ ಹಾಗಿತ್ತು. ವಡೋದರಾದಲ್ಲಿರುವ ಹೇತಲ್‌ಳ ಅಣ್ಣ, "ನನ್ನ ಹತ್ತಿರ ವಿದೇಶದ್ದಿದೆ, ತಗೊಂಡು ಹೋಗು," ಎಂದಿದ್ದ. ನಾನು ಓದಿಕೊಂಡಿದ್ದೆ: ನಮ್ಮ ದೇಶದ ರಸ್ತೆಗೆ ಐಎಸ್ಐ ಗುರುತಿರಬೇಕು, ಪಟ್ಟಿ ಬಿಗಿದಿರಬೇಕು, ಹೊರದೇಶದ ಗುರುತು ಎಷ್ಟೇ ದೊಡ್ಡದಾದರೂ ಅದೊಂದೇ ಸಾಲದು. ಐಎಸ್ಐ ಇದ್ದದ್ದನ್ನೇ ಕೊಂಡೆ. ಗದ್ದ ಇಳಿಸಿ, ಚಿಲಕ ಹಾಕಿಯೇ ಓಡಿಸಿ ಎಂದು ಅದರ ಡಬ್ಬಿಯೊಳಗಿನ ಚೀಟಿಯಲ್ಲಿತ್ತು. ಹಾಗೆಯೇ ಓಡಿಸಿದೆ. ಗಾಳಿಗೆಂದು ಗದ್ದವನ್ನು ಟೋಪಿಯ ಅಂಚಿನಂತೆ ಮೇಲೆತ್ತಿಕೊಂಡು ಹೋಗುವ ಗಂಡಸರನ್ನು ನೋಡಿ ಒಳಗೊಳಗೇ ನಗುತ್ತಿದ್ದೆ.

ಅಷ್ಟರಲ್ಲಿ ನಾನೂ ಬುಕಾನಿ ಕಟ್ಟತೊಡಗಿದ್ದೆ. ಹೇತಲ್ ಕಲಿಸಿದಳು. ಗೇಟಿನಲ್ಲಿ ಗದ್ದ ಎತ್ತಿ, ಬಟ್ಟೆಯನ್ನು ಕೆಳಗೆ ಜಾರಿಸಿದರೆ ಮುಖ ತೋರಿಸಿದಂತೆ. ಬಿಸಿಲಿಗೆ ಹಿತ, ಧೂಳಿಗೆ ಹಿತ. ಅದಕ್ಕಿಂತ ಹೆಚ್ಚಾಗಿ, ಸಿಗ್ನಲ್ಲಿನಲ್ಲಿ ನಿಂತರೆ ನಾನು ಎಲ್ಲಿಯವಳೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಮುಖ ಮುಚ್ಚಿಕೊಂಡ ಮೇಲೆ ಆ ಊರು ನನ್ನನ್ನು ತನ್ನವಳೆಂದುಕೊಂಡಿತು.

ಹಜೀರಾ ರಸ್ತೆಯಲ್ಲಿ ಬೇರೆ ಗುತ್ತಿಗೆದಾರನ ವೆಲ್ಡರ್ ಒಬ್ಬ ಫ್ಲಿಪ್ ಹೆಲ್ಮೆಟ್ಟಿನ ಗದ್ದ ಎತ್ತಿಕೊಂಡೇ ಬಿದ್ದ. ತಲೆ ಉಳಿಯಿತು, ದವಡೆ ಒಡೆಯಿತು. ಮರುವಾರ ಗೇಟಿನ ಕ್ಯಾಬಿನ್ನಿಗೆ ಸುತ್ತೋಲೆ ಅಂಟಿಸಿದರು: ಮುಂದಿನ ತಿಂಗಳಿನಿಂದ ಫ್ಲಿಪ್ ಹೆಲ್ಮೆಟ್ಟಿನವರಿಗೆ ಪ್ರವೇಶವಿಲ್ಲ.

ಮೊದಲಿನ ಹೆಲ್ಮೆಟ್ಟನ್ನು ಯಾರಿಗೋ ಕೊಟ್ಟುಬಿಟ್ಟಿದ್ದೆ; ಮುಖ ಪೂರ್ತಿ ಮುಚ್ಚುವಂಥದ್ದನ್ನು ಎರವಲು ತಂದು ನೋಡಿದೆ. ಫ್ಲಿಪ್ಪಿನಷ್ಟು ಗಾಳಿಯಾಡದ ಅದರೊಳಗೆ ಉಸಿರಿನ ಹಬೆಗೆ ಕನ್ನಡಕ ಮಬ್ಬಾಗಿ, ಇಚ್ಛಾಪೋರ್ ತಿರುವಿನಲ್ಲಿ ಟ್ರೇಲರ್‌ನ ಚಕ್ರ ಮೊಣಕಾಲಿನ ಪಕ್ಕದಲ್ಲಿ ಬಂದಾಗಲೇ ಕಂಡದ್ದು. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಕನ್ನಡಕ ಒರೆಸಿಕೊಂಡೆ. ಗೇಟಿನಲ್ಲಿ ಅವಸರಕ್ಕೆ ಹೆಲ್ಮೆಟ್ಟು ಎಳೆದಾಗ ಕನ್ನಡಕದ ಕಡ್ಡಿ ಮುರಿಯಿತು. ತಡವಾಯಿತು. ಮರುದಿನವೂ ತಡವಾಯಿತು. "ಇನ್ನೊಮ್ಮೆ ಆದರೆ ಪಾಸು ವಾಪಸು," ಎಂದ ಗುತ್ತಿಗೆದಾರನ ಮೇಲ್ವಿಚಾರಕ. ಆ ಸಂಜೆ ಅವ್ವ ಫೋನಿನಲ್ಲಿ, "ಹೆಂಗದಿಯವಾ? ದನಿ ಯಾಕ ಹಂಗ್ ಐತಿ?" ಎಂದಾಗ, "ನೆಗಡಿ ಆಗೈತಿ," ಎಂದು ಸುಳ್ಳು ಹೇಳಿ ಬಾತ್‌ರೂಮಿನ ನಲ್ಲಿ ಬಿಟ್ಟು ಅತ್ತೆ.

ಕೊನೆಗೆ, ತಿಂಗಳು ಮುಗಿಯುವ ಮೊದಲು, ಸುರಕ್ಷತಾ ಅಧಿಕಾರಿ ದೇಸಾಯಿ ಸಾಹೇಬರ ಕೋಣೆಗೆ ಹೋದೆ. ಹೆಸರು ನಮ್ಮ ಕಡೆಯದೇ, ಮನುಷ್ಯರು ಮಾತ್ರ ಇಲ್ಲಿಯವರು. ಪಾಳಿಗೆ ಬಂದ ಹಾಗೆಯೇ, ಬುಕಾನಿಯ ಮೇಲೆ ಫ್ಲಿಪ್ ಹೆಲ್ಮೆಟ್ಟಿನಲ್ಲೇ ಹೋಗಿ ನಿಂತೆ.

"ಸರ್, ಇದಕ್ಕೆ ಐಎಸ್ಐ ಇದೆ. ಕಾನೂನಿನಲ್ಲಿ ಫ್ಲಿಪ್ ಬೇಡವೆಂದು ಎಲ್ಲಿದೆ?"

"ಕಾನೂನು ರಸ್ತೆಯದು ಬೆನ್. ಗೇಟು ನಮ್ಮದು. ಆ ಹುಡುಗ ಈಗ ಸ್ಟ್ರಾದಲ್ಲಿ ಗಂಜಿ ಕುಡಿಯುತ್ತಿದ್ದಾನೆ."

"ಅವರು ಎತ್ತಿಕೊಂಡು ಓಡಿಸಿದರು. ನಾನು ಒಂದು ದಿನವೂ ಎತ್ತಿಲ್ಲ."

"ಎಲ್ಲರೂ ಅದನ್ನೇ ಹೇಳುತ್ತಾರೆ."

ನನಗೆ ರೇಗಿತು. ಗದ್ದವನ್ನು ಕೆಳಗೆಳೆದು ಟಕ್ ಎನ್ನಿಸಿದೆ. "ಎಳೆದು ನೋಡಿ ಸರ್. ಬೀಗ ಹಾಕಿದ್ದು ಬಿಚ್ಚುತ್ತದೇನು?"

ಅವರು ಎದ್ದು ಬಂದು ಗದ್ದದ ಕೆಳಗೆ ಒಂದು ಬೆರಳಿಟ್ಟು ಮೇಲೆತ್ತಿದರು. ಎಡಗಡೆ ಸಲೀಸಾಗಿ ಎದ್ದಿತು. ಇಡೀ ಗದ್ದ ಸೊಟ್ಟಗೆ ತಿರುಚಿಕೊಂಡು, ಬಲಗಡೆಯ ಚಿಲಕವೂ ಬಿಚ್ಚಿಕೊಂಡಿತು.

ಹೆಲ್ಮೆಟ್ಟು ತೆಗೆದು ನೋಡಿದೆ. ಎಡಗಡೆಯ ಚಿಲಕದಲ್ಲಿ ಬುಕಾನಿಯ ಅಂಚು ಸಿಕ್ಕಿಕೊಂಡಿತ್ತು. ಬಟ್ಟೆಯ ಆ ಜಾಗದಲ್ಲಿ ಹಳೆಯ ಕಚ್ಚುಗಳ ಒಂದು ಸಾಲೇ ಇತ್ತು. ಅಂದರೆ ದಿನಾ ಬೆಳಿಗ್ಗೆ ಟ್ರೇಲರುಗಳ ಪಕ್ಕದಲ್ಲಿ ಒಂದೇ ಚಿಲಕದ ಮೇಲೆ ಓಡಾಡಿದ್ದೆ. ಕಿವಿಯ ಮೇಲೆ ಬಟ್ಟೆ ಸುತ್ತಿಕೊಂಡವಳಿಗೆ ಕೇಳಿದ್ದು ಒಂದು ಟಕ್ಕೋ ಎರಡೋ ಎಲ್ಲಿ ಗೊತ್ತಾಗಬೇಕು? ಪ್ರಯೋಗಾಲಯದಲ್ಲಿ ಒಂದು ಹನಿ ಹೆಚ್ಚಾದರೆ ಮತ್ತೆ ಮೊದಲಿನಿಂದ ಮಾಡುವವಳು ನಾನು.

ದೇಸಾಯಿಯವರು ಗದರಲಿಲ್ಲ. ಅದೇ ಹೆಚ್ಚು ನೋಯಿಸಿತು. "ಮನೆಯಲ್ಲಿ ನನ್ನ ಮಗಳೂ ಹೀಗೇ ಕಟ್ಟುತ್ತಾಳೆ," ಎಂದಷ್ಟೇ ಹೇಳಿದರು.

ಬುಕಾನಿ ಬಿಚ್ಚಿ ಮೇಜಿನ ಮೇಲಿಟ್ಟೆ. ಬರಿದಲೆಗೆ ಹೆಲ್ಮೆಟ್ಟು ಹಾಕಿ, ಪಟ್ಟಿ ಬಿಗಿದು, ಗದ್ದ ಇಳಿಸಿದೆ. ಟಕ್. ಟಕ್. "ಈಗ ಎಳೀರಿ."

ಎಳೆದರು. ಎರಡು ಕೈ ಹಾಕಿ ಎಳೆದರು. ತಲೆ ಬಂತು, ಗದ್ದ ಬರಲಿಲ್ಲ.

"ಸರ್, ನನಗೆ ಬೇರೆ ದಾರಿಯಿಲ್ಲ," ಎಂದೆ. ಹಾಗೆ ಬೇಡಿಕೊಂಡದ್ದು ಬದುಕಿನಲ್ಲಿ ಅದೇ ಮೊದಲು. "ಮುಚ್ಚಿದ ಹೆಲ್ಮೆಟ್ಟಿನಲ್ಲಿ ನನಗೆ ರಸ್ತೆ ಕಾಣುವುದಿಲ್ಲ. ಊರಿಗೆ ತಿರುಗಿ ಹೋಗುವುದಕ್ಕೂ ಆಗುವುದಿಲ್ಲ."

ಅವರು ಸುತ್ತೋಲೆಯ ಪ್ರತಿಯನ್ನು ಮುಂದಕ್ಕೆ ಎಳೆದುಕೊಂಡರು. ಅದರ ಕೆಳಗೆ ಕೈಯಲ್ಲಿ ಬರೆದರು: ಮುಂದಿನ ಆದೇಶದವರೆಗೆ, ಐಎಸ್ಐ ಗುರುತಿನ ಫ್ಲಿಪ್ಪಿಗೆ ಅನುಮತಿ, ಒಳಗೆ ಬಟ್ಟೆ ಇರಕೂಡದು, ಹೊರಡುವಾಗ ಗೇಟಿನಲ್ಲಿ ಗದ್ದ ಎಳೆದು ತೋರಿಸಬೇಕು.

ಅಂದಿನಿಂದ ಪಾಳಿ ಮುಗಿದ ಮೇಲೆ ಗೇಟಿನಲ್ಲಿ ಸಾಲು ನಿಂತವರೆಲ್ಲ ತಮ್ಮ ತಮ್ಮ ಗದ್ದ ಹಿಡಿದು ಜಗ್ಗುತ್ತಾರೆ. "ಚಾಚಾ, ನಿಮ್ಮ ಗಡ್ಡವನ್ನೂ ಎಳೆದು ನೋಡೋಣವೇ?" ಎಂದು ಹುಡುಗರು ಕಾಡಿದರೆ, "ನನ್ನದು ದೇವರೇ ಹಾಕಿದ ಚಿಲಕ, ನಿನ್ನದು ನೋಡಿಕೋ," ಎನ್ನುತ್ತಾನೆ ಚಾಚಾ.

ಕೆಲಸ ಉಳಿಯಿತು, ಮುಂದಿನ ಆದೇಶದವರೆಗೆ. ಬುಕಾನಿ ಹೋಯಿತು. ಸಿಗ್ನಲ್ಲಿನಲ್ಲಿ ಗಾಜು ಎತ್ತಿದರೆ ಪಕ್ಕದವರು ನನ್ನ ಮುಖ ನೋಡಿ, "ಸೌತ್‌ನಿಂದಾ ಬೆನ್?" ಎಂದು ಮತ್ತೆ ಕೇಳತೊಡಗಿದ್ದಾರೆ.

ದೀಪಾವಳಿಗೆ ಊರಿಗೆ ಹೋದೆ. ರೈಲಿಳಿದು ಹಿಡಿದ ಬಸ್ಸಿನಲ್ಲಿ ಕಿಟಕಿಯ ಧೂಳಿಗೆ, ಕೈ ತಾನೇ ಹೋಗಿ ಬುಕಾನಿ ಕಟ್ಟಿತ್ತು. ಗುಳೇದಗುಡ್ಡದ ಬಸ್ ನಿಲ್ದಾಣದಲ್ಲಿ ಅವ್ವ ನಿಂತಿದ್ದಳು. ಇಳಿದವರನ್ನೆಲ್ಲ ನೋಡುತ್ತ ನನ್ನನ್ನೂ ನೋಡಿ, ದಾಟಿ ಮುಂದೆ ಹೋದಳು.

"ಅವ್ವಾ," ಎಂದೆ ಬಟ್ಟೆಯೊಳಗಿನಿಂದಲೇ.

"ಯಾರ್ರಿ ನೀವು?" ಎಂದಳು, ಪರವೂರಿನವರನ್ನು ಮಾತಾಡಿಸುವ ಮರ್ಯಾದೆಯ ದನಿಯಲ್ಲಿ.

ಬಿಚ್ಚಿದೆ. ಅವಳು ನನ್ನ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ ನೋಡಿದಳು. "ಮುಖಾ ಮುಚ್ಚಗೊಂಡ್ ಬಂದ್ರ ಹೆಂಗ್ ಗುರ್ತ ಹಿಡೀಲಿ? ಎಷ್ಟ್ ಕಪ್ಪಾಗಿಯಲ್ಲ ನಮ್ಮವ್ವಾ!"

ವಾರದ ನಂತರ ಹಜೀರಾದ ಗೇಟಿನಲ್ಲಿ ಗದ್ದ ಮೇಲೆತ್ತಿದೆ. ಚಾಚಾ ಪಾಸಿನ ಫೋಟೋ ನೋಡಲೇ ಇಲ್ಲ. "ಬಂದೆಯಾ ದೇವಿಬೆನ್, ಮನೆಯಲ್ಲಿ ಎಲ್ಲ ಆರಾಮವೇ?" ಎಂದ. ಆರಾಮ ಎಂದೆ. ಯಾವ ಮನೆಯ ಮಾತು ಎಂದು ಕೇಳಬೇಕೆನಿಸಿತು. ಹಿಂದಿನ ಬೈಕು ಹಾರ್ನ್ ಬಾರಿಸಿತು.